ನಿಮಗಿದು ಗೊತ್ತೇ? ಲೇಖನಿಗೂ ಉಂಟು ವಿಮೆ!

ಕಾರಿಗೆ ವಿಮೆ, ಜೀವಕ್ಕೆ ವಿಮೆ, ಬೆಳೆಗೆ ವಿಮೆ, ಎಮ್ಮೆಗೂ ವಿಮೆ! ಇದೆಲ್ಲ ನಿಮಗೆ ಗೊತ್ತು. ಬರೆದ ಲೇಖನಕ್ಕೆ? ಅದಕ್ಕೂ ಇದೆ! ಬರಹದಲ್ಲಿ ತಪ್ಪು ನುಸುಳಿ ಯಾರಾದರೂ ಕೋರ್ಟಿಗೆ ಎಳೆದರೆ ವಕೀಲರ ಫೀಸು, ಪರಿಹಾರದ ಹಣ ಕಟ್ಟಿಕೊಡುವ ಪಾಲಿಸಿ ಅದು. ಹೆಸರು ವೃತ್ತಿ ಹೊಣೆಗಾರಿಕೆ ವಿಮೆ. ಡಾಕ್ಟರು, ಸಿಎ, ವಕೀಲರು ‘ಪ್ರೊಫೆಷನಲ್ ಇಂಡೆಮ್ನಿಟಿ’ ಅಂತ ಮಾಡಿಸುತ್ತಾರಲ್ಲ, ಅದೇ ಜಾತಿಯದು. ಮನೆಯಲ್ಲೇ ಕೂತು ಪತ್ರಿಕೆಗಳಿಗೆ ಬರೆಯುವ ಫ್ರೀಲಾನ್ಸ್ ಲೇಖಕರಿಗೆ ಇದು ಬೇಕೇ? ಮೊದಲು ಇವನ್ನೆಲ್ಲ ಓದಿ, ಆಮೇಲೆ ನೀವೇ ಹೇಳಿ!

ಕಟ್ಟುಕತೆ ಬರೆದರೂ ದುಡ್ಡು ತೆರಬೇಕಾಗಬಹುದು! 1908ರಲ್ಲಿ ಇಂಗ್ಲೆಂಡಿನ ‘ಸಂಡೇ ಕ್ರಾನಿಕಲ್’ನಲ್ಲಿ ಒಂದು ತಮಾಷೆ ಲೇಖನ ಬಂತು. ಅದರಲ್ಲೊಬ್ಬ ಆರ್ಟೆಮಸ್ ಜೋನ್ಸ್. ಊರಲ್ಲಿ ಚರ್ಚಿನ ದೊಡ್ಡ ಮನುಷ್ಯ, ಫ್ರಾನ್ಸಿಗೆ ಹೋದರೆ ಪರಸ್ತ್ರೀ ಜೊತೆ ಮಜಾ! ಹೆಸರು ಸುಮ್ಮನೆ ಹುಟ್ಟಿಸಿದ್ದು. ಆದರೆ ಅದೇ ಹೆಸರಿನ ಬ್ಯಾರಿಸ್ಟರೊಬ್ಬರು ನಿಜವಾಗಿಯೂ ಇದ್ದರು! “ಇವರು ಯಾರೋ ನಮಗೆ ಗೊತ್ತೇ ಇರಲಿಲ್ಲ” ಎಂದು ಪತ್ರಿಕೆಯವರು ಎಷ್ಟು ಹೇಳಿದರೂ ನಡೆಯಲಿಲ್ಲ. ಬ್ಯಾರಿಸ್ಟರ್ ಸಾಹೇಬರಿಗೆ 1,750 ಪೌಂಡ್ ಸಿಕ್ಕಿತು!

ಸಿನಿಮಾ ನೋಡುವಾಗ ‘ಇಲ್ಲಿನ ಪಾತ್ರಗಳೆಲ್ಲ ಕೇವಲ ಕಾಲ್ಪನಿಕ’ ಅನ್ನುವ ಸಾಲು ಬರುತ್ತಲ್ಲ, ಅದರ ಹಿಂದೆ ಯಾರಿದ್ದಾರೆ ಗೊತ್ತೇ? ರಷ್ಯಾದ ರಾಜಕುಮಾರಿ! ಅಲ್ಲಿನ ಕುಖ್ಯಾತ ಸಾಧು ರಾಸ್ಪುಟಿನ್ ಕುರಿತ ಹಾಲಿವುಡ್ ಚಿತ್ರದ ಒಂದು ಪಾತ್ರ ತನ್ನನ್ನೇ ಹೋಲುತ್ತದೆ ಎಂದು ಇರಿನಾ ಯೂಸುಪೋವಾ ಲಂಡನ್ನಿನಲ್ಲಿ ದಾವೆ ಹೂಡಿದಳು. 1934ರಲ್ಲಿ ಗೆದ್ದು 25,000 ಪೌಂಡ್ ಪಡೆದಳು! ಅಲ್ಲಿಂದಾಚೆ ಈ ಸಾಲು ಸಿನಿಮಾಗಳಲ್ಲಿ ರೂಢಿಯಾಯಿತು.

ಪತ್ರಿಕೆ ಪಾರು, ಲೇಖಕಿ ಮಾತ್ರ ಕಟಕಟೆಯಲ್ಲಿ! ‘ನ್ಯೂಯಾರ್ಕರ್’ಗೆ ಬರೆದ ಜಾನೆಟ್ ಮಾಲ್ಕಮ್ ಮೇಲೆ ಸಂಸ್ಕೃತ ಪಂಡಿತ ಜೆಫ್ರಿ ಮ್ಯಾಸನ್ 1984ರಲ್ಲಿ ಮಾನನಷ್ಟ ಮೊಕದ್ದಮೆ ಹಾಕಿದರು. ತಾನು ಆಡದ ಮಾತನ್ನು ಆಡಿದೆ ಅಂತ ಬರೆದಿದ್ದಾರೆ ಎಂಬ ದೂರು. ಮಾಲ್ಕಮ್ ಪತ್ರಿಕೆಯ ನೌಕರರಲ್ಲ, ಸ್ವತಂತ್ರವಾಗಿ ಬರೆಯುವವರು ಎಂದು ಕೋರ್ಟು ಹೇಳಿತು. ಪತ್ರಿಕೆ ಕೇಸಿನಿಂದ ಹೊರಬಿತ್ತು, ಲೇಖಕಿ ಒಬ್ಬರೇ ಉಳಿದರು. 1994ರಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು!

ಇದರ ಬಾಲವಂತೂ ಇನ್ನೂ ಸೊಗಸು. ಕೆಲವು ಮಾತುಗಳನ್ನು ಗುರುತು ಹಾಕಿಕೊಂಡಿದ್ದ ಪುಸ್ತಕ ಕಳೆದುಹೋಗಿದೆ ಎಂದು ಮಾಲ್ಕಮ್ ಹೇಳುತ್ತಲೇ ಇದ್ದರು. ತೀರ್ಪು ಬಂದ ಮರುವರ್ಷ, 1995ರಲ್ಲಿ, ಎರಡು ವರ್ಷದ ಮೊಮ್ಮಗಳು ಕಪಾಟಿನಿಂದ ಒಂದು ಕೆಂಪು ನೋಟ್‌ಬುಕ್ ಎಳೆದಳು. ಅದೇ ಪುಸ್ತಕ ಅಂತೆ!

ಅಚ್ಚು ಹಾಕಿದವರನ್ನು ಬಿಟ್ಟು ಬರೆದವರ ಮೇಲಷ್ಟೇ ಕೇಸು ಹಾಕಬಹುದೇ? ಧಾರಾಳವಾಗಿ! ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ‘ಗಾರ್ಡಿಯನ್’ನಲ್ಲಿ ಬೆನ್ನುಮೂಳೆ ನೀವುವ ಕೈರೊಪ್ರಾಕ್ಟಿಕ್ ಚಿಕಿತ್ಸೆಯನ್ನು ಟೀಕಿಸಿದರು. ಆ ಚಿಕಿತ್ಸಕರ ಬ್ರಿಟಿಷ್ ಸಂಘ ಪತ್ರಿಕೆಯನ್ನು ಮುಟ್ಟಲೇ ಇಲ್ಲ, ಸಿಂಗ್ ಒಬ್ಬರನ್ನೇ ಹಿಡಿಯಿತು! ಎರಡು ವರ್ಷ ಎಳೆದಾಡಿ 2010ರಲ್ಲಿ ಕೇಸು ಕೈಬಿಟ್ಟಿತು. ಈ ಗಲಾಟೆಯೂ ಒಂದು ಕಾರಣವಾಗಿ ಇಂಗ್ಲೆಂಡಿನ ಮಾನನಷ್ಟ ಕಾನೂನೇ 2013ರಲ್ಲಿ ಬದಲಾಯಿತು!

ಬರೆದದ್ದು ಅಮೆರಿಕದಲ್ಲಿ, ಸಿಕ್ಕಿಬಿದ್ದದ್ದು ಲಂಡನ್ನಿನಲ್ಲಿ! ನ್ಯೂಯಾರ್ಕಿನ ಲೇಖಕಿ ರೇಚಲ್ ಎರೆನ್‌ಫೆಲ್ಡ್ ಮೇಲೆ ಸೌದಿ ಉದ್ಯಮಿಯೊಬ್ಬರು ಇಂಗ್ಲೆಂಡಿನಲ್ಲಿ ದಾವೆ ಹಾಕಿ ಗೆದ್ದರು. ಅಲ್ಲಿ ಮಾರಾಟವಾಗಿದ್ದ ಅವರ ಪುಸ್ತಕದ ಪ್ರತಿಗಳೆಷ್ಟು ಊಹಿಸಿ. ಬರೀ 23! ಇಂಥ ಪರದೇಶಿ ತೀರ್ಪುಗಳಿಂದ ತನ್ನ ಲೇಖಕರನ್ನು ಕಾಯಲು ಅಮೆರಿಕ 2010ರಲ್ಲಿ ಹೊಸ ಕಾನೂನನ್ನೇ ತಂದಿತು.

ಅಣಬೆ ಪುಸ್ತಕ ನಂಬಿ ಯಕೃತ್ತು ಹೋಯಿತು! ಅಮೆರಿಕದಲ್ಲಿ ಇಬ್ಬರು ಅಣಬೆ ವಿಶ್ವಕೋಶ ನೋಡಿ, ಕಾಡಿನಲ್ಲಿ ಆರಿಸಿ, ಬೇಯಿಸಿ ತಿಂದರು. ಇಬ್ಬರಿಗೂ ಯಕೃತ್ತಿನ ಕಸಿ ಮಾಡಬೇಕಾಯಿತು! ಪ್ರಕಾಶಕರ ಮೇಲೆ ಕೇಸು ಹಾಕಿದರೆ 1991ರಲ್ಲಿ ಸೋಲು. ಪುಸ್ತಕದಲ್ಲಿರುವುದು ಸರಿಯೋ ತಪ್ಪೋ ಎಂದು ಪ್ರಕಾಶಕರು ಪರೀಕ್ಷಿಸಬೇಕಿಲ್ಲ ಎಂದಿತು ಕೋರ್ಟು. ಹಾಗಾದರೆ ಪರೀಕ್ಷಿಸಬೇಕಾದವರು ಯಾರು ಉಳಿದರು?

ಇಲ್ಲದ ಪುಸ್ತಕ ಓದಿ ಅಂದರೆ ಹೇಗಿರುತ್ತದೆ? 2025ರ ಮೇ ತಿಂಗಳಲ್ಲಿ ‘ಷಿಕಾಗೊ ಸನ್-ಟೈಮ್ಸ್’ ಬೇಸಿಗೆಗೆ ಓದಲು 15 ಪುಸ್ತಕಗಳ ಪಟ್ಟಿ ಕೊಟ್ಟಿತು. ಅದರಲ್ಲಿ 10 ಪುಸ್ತಕ ಪ್ರಪಂಚದಲ್ಲೇ ಇಲ್ಲ! ಲೇಖಕರ ಹೆಸರು ನಿಜ, ಪುಸ್ತಕ ಸುಳ್ಳು. ಪಟ್ಟಿ ಮಾಡಿದ್ದು ಒಬ್ಬ ಫ್ರೀಲಾನ್ಸ್ ಬರಹಗಾರ, ಅವರಿಗೆ ‘ನೆರವಾದದ್ದು’ ಎಐ!

ನಮ್ಮ ದೇಶಕ್ಕೆ ಬರೋಣ. ನಿಜ ಬರೆದರೆ ಭಯವಿಲ್ಲ ಅಂದುಕೊಂಡಿರಾ? ಸಾಲದು! ಕ್ರಿಮಿನಲ್ ಮಾನನಷ್ಟ ಕೇಸಿನಲ್ಲಿ ಬರೆದದ್ದು ನಿಜವಾಗಿದ್ದರಷ್ಟೇ ಆಗಲಿಲ್ಲ, ಅದರಿಂದ ಸಾರ್ವಜನಿಕರಿಗೆ ಒಳಿತಿದೆ ಅಂತಲೂ ತೋರಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸಾದಾ ಸಜೆ ಇದೆ, ದಂಡ ಇದೆ, ಜೊತೆಗೆ ಹೊಸದಾಗಿ ಸಮುದಾಯ ಸೇವೆಯೂ ಸೇರಿದೆ!

ಸತ್ತವರ ಬಗ್ಗೆ ಬರೆದರೂ ಮಾನನಷ್ಟ! ಅವರು ಬದುಕಿದ್ದರೆ ಹೆಸರು ಕೆಡುತ್ತಿತ್ತು, ಮನೆಯವರ ಮನಸ್ಸು ನೋಯಲೆಂದೇ ಬರೆದದ್ದು ಅಂತಾದರೆ ಅದೂ ಅಪರಾಧವೇ. ಜೀವನಚರಿತ್ರೆ ಬರೆಯುವವರೇ, ಕೇಳಿಸಿತೇ?

ಈಗ ಪಾಲಿಸಿಯೊಳಗಿನ ವಿಚಿತ್ರ ನೋಡಿ. ತಪ್ಪಾಗಿದೆ ಅಂತ ಗೊತ್ತಾದ ಕೂಡಲೇ “ಕ್ಷಮಿಸಿ, ನನ್ನದೇ ತಪ್ಪು” ಅನ್ನುವ ಹಾಗಿಲ್ಲ! ವಿಮಾ ಕಂಪನಿಯನ್ನು ಕೇಳದೆ ತಪ್ಪೊಪ್ಪಿಕೊಂಡರೆ ಕ್ಲೇಮಿಗೇ ಕುತ್ತು. ಅಪ್ಪ ಅಮ್ಮ ಕಲಿಸಿದ್ದು ಒಂದು, ಪಾಲಿಸಿ ಹೇಳುವುದು ಇನ್ನೊಂದು!

ಬರೆದ ದಿನ ಪಾಲಿಸಿ ಇದ್ದರೆ ಸಾಲದು, ನೋಟಿಸು ಬಂದ ದಿನವೂ ಇರಬೇಕು! ಈ ವಿಮೆ ಸಾಮಾನ್ಯವಾಗಿ ನಡೆಯುವುದೇ ಹೀಗೆ. 2023ರಲ್ಲಿ ಬರೆದಿರಿ, 2024ರಲ್ಲಿ ಪ್ರೀಮಿಯಂ ಕಟ್ಟುವುದು ಬಿಟ್ಟಿರಿ, 2025ರಲ್ಲಿ ನೋಟಿಸು ಬಂತು ಅನ್ನಿ. ಸಿಗುವುದು ಸೊನ್ನೆ! ಹೋದ ಮಳೆಗಾಲದಲ್ಲಿ ಕೊಡೆ ಇತ್ತು ಅಂದರೆ ಈಗ ನೆನೆಯುವುದು ತಪ್ಪುತ್ತದೆಯೇ?

ಪರಿಹಾರವೂ ವಕೀಲರ ಫೀಸೂ ಒಂದೇ ಗಂಟಿನಿಂದ! ಎಷ್ಟೋ ಪಾಲಿಸಿಗಳಲ್ಲಿ ಹೀಗೇ. 10 ಲಕ್ಷದ ಪಾಲಿಸಿಯಲ್ಲಿ 7 ಲಕ್ಷ ಕೋರ್ಟು ಖರ್ಚಿಗೇ ಹೋದರೆ ಪರಿಹಾರ ಕೊಡಲು ಉಳಿದದ್ದು 3 ಲಕ್ಷ. ಬೇಕೆಂದೇ ಕೆಟ್ಟದ್ದು ಬರೆದಿದ್ದರೆ ಅದೂ ಇಲ್ಲ. ಕ್ರಿಮಿನಲ್ ಕೇಸಿನ ದಂಡವನ್ನು ಕಂಪನಿ ಕಟ್ಟುವುದಿಲ್ಲ. ನಿಮ್ಮ ಬದಲು ಜೈಲಿಗಂತೂ ಹೋಗುವುದೇ ಇಲ್ಲ!

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಗೆ ಕೈಪಿಡಿ, ಜಾಹೀರಾತು ಬರೆದುಕೊಡುತ್ತೀರಾ? ಕರಾರುಪತ್ರ ಪೂರ್ತಿ ಓದಿ. ‘ಮೊದಲು ವಿಮೆಯ ಸರ್ಟಿಫಿಕೇಟ್ ಕೊಡಿ’ ಎಂಬ ಷರತ್ತು ಅಲ್ಲಿ ಅಡಗಿರಬಹುದು! ಇನ್ನೊಂದು ತಮಾಷೆ: ಇಲ್ಲಿ ಕೊಂಡ ಪಾಲಿಸಿ ಅಮೆರಿಕದ ಕೋರ್ಟಿನ ಕೇಸಿಗೆ ಅನ್ವಯಿಸದೆಯೂ ಇರಬಹುದು. ವಿಮೆಯೂ ಉಂಟು, ವಿಮೆಯೂ ಇಲ್ಲ!

ಅಂತೂ ಬೇಕೋ ಬೇಡವೋ? ಹನಿಗವನ, ಪ್ರವಾಸ ಕಥನ ಬರೆಯುವವರು ಸದ್ಯಕ್ಕೆ ಹಾಯಾಗಿರಬಹುದು. ಹಗರಣ ಬಯಲಿಗೆಳೆಯುವವರು, ಷೇರು–ಔಷಧಿಗಳ ಸಲಹೆ ಕೊಡುವವರು, ಜೀವನಚರಿತ್ರೆ ಬರೆಯುವವರು, ವಿದೇಶದ ಕಂಪನಿಗಳಿಗೆ ದುಡಿಯುವವರು ಒಮ್ಮೆ ವಿಚಾರಿಸುವುದೇ ಕ್ಷೇಮ.

ನನಗ್ಯಾಕೆ ಇದೆಲ್ಲ, ಯಾವ ಕರಾರಿಗೂ ನಾನು ಸಹಿ ಹಾಕಿಲ್ಲ ಅಂತೀರಾ? ದೀಪಾವಳಿ ಕಥಾಸ್ಪರ್ಧೆಗೆ ಕಥೆ ಕಳಿಸುವಾಗ ಜೊತೆಗೊಂದು ಚೀಟಿ ಇಡುತ್ತೀರಲ್ಲ. ‘ಈ ಕಥೆ ನನ್ನ ಸ್ವಂತದ್ದು, ಅನುವಾದವಲ್ಲ, ಅನುಕರಣೆಯಲ್ಲ, ಎಲ್ಲೂ ಪ್ರಕಟವಾಗಿಲ್ಲ.’ ಕೆಳಗೆ ಹೆಸರು, ವಿಳಾಸ, ದಿನಾಂಕ, ರುಜು. ಹೊಣೆ ಹೊತ್ತುಕೊಂಡ ಮುಚ್ಚಳಿಕೆಯೇ ಅದು! ಇಷ್ಟು ವರ್ಷ ಅಂಥವು ಎಷ್ಟು ಬರೆದುಕೊಟ್ಟಿದ್ದೀರಿ, ಎಣಿಸಿ ನೋಡಿ!