ಟಿಪ್ಪುವಿನ ಶಸ್ತ್ರಾಗಾರ ಸ್ಥಳಾಂತರಗೊಂಡ ಬಗೆ

ಬೀದಿಯಲ್ಲಿ ಸರಕು ತುಂಬಿದ ಲಾರಿ ಹೋದಾಗ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಗಲಗಲ ಎನ್ನುವುದನ್ನು ನೀವು ಕೇಳಿರುತ್ತೀರಿ. ಲಾರಿ ನಮ್ಮ ಗೋಡೆಯನ್ನು ಮುಟ್ಟಿಲ್ಲ, ನೆಲದೊಳಗಿನಿಂದ ಬಂದ ಕಂಪನವದು. ತಟ್ಟೆಗೇನೂ ಆಗದು. ಆದರೆ ಇನ್ನೂರು ವರ್ಷ ದಾಟಿದ ಇಟ್ಟಿಗೆ-ಗಾರೆಯ ಗೋಡೆಗೆ?

ಶ್ರೀರಂಗಪಟ್ಟಣದಲ್ಲಿ ಈ ಪ್ರಶ್ನೆ ಎದುರಾಯಿತು. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಯ ದಾರಿಯಲ್ಲಿ ಟಿಪ್ಪು ಸುಲ್ತಾನರ ಕಾಲದ ಶಸ್ತ್ರಾಗಾರವೊಂದಿತ್ತು. ಅದನ್ನು ಕೆಡವುವುದು ಸುಲಭ, ಮತ್ತೆ ಕಟ್ಟುವುದು ಅಸಾಧ್ಯ. ಕೊನೆಗೆ 2017ರ ಮಾರ್ಚ್‌ನಲ್ಲಿ, ಸುಮಾರು ಸಾವಿರ ಟನ್ ತೂಗುವ ಆ ಕಟ್ಟಡವನ್ನು ಇಡಿಯಾಗಿಯೇ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸಾಗಿಸಲಾಯಿತು. ಅಮೆರಿಕದ ವುಲ್ಫ್ ಕಂಪೆನಿಯ ತಜ್ಞರು ಈ ಕೆಲಸದಲ್ಲಿದ್ದರು.

ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳಿಂದ ಎತ್ತಿ, ಚಕ್ರಗಳ ಮೇಲೆ ಕೂರಿಸುವುದು ಇದರ ಕ್ರಮ. ಎಲ್ಲ ಜಾಕ್‌ಗಳೂ ಒಂದೇ ಸಮನೆ ಏರಬೇಕು. ಒಂದು ಮೂಲೆ ತುಸು ಹೆಚ್ಚು ಎದ್ದರೂ ಗೋಡೆ ಸೀಳಬಹುದು.

ಭಾರಕ್ಕಿಂತ ಅಲುಗಾಟದ ಭಯವೇ ಇಲ್ಲಿ ದೊಡ್ಡದು. ಸುಣ್ಣದ ಗಾರೆ ಭಾರವನ್ನು ಹೊತ್ತೀತು, ಎಳೆತವನ್ನು ಅಷ್ಟಾಗಿ ತಾಳದು. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ಒಂದು ಬೆರಳಿನಿಂದ ತಳ್ಳುತ್ತಿದ್ದರೆ ತೂಗಾಟ ಹೆಚ್ಚುತ್ತಲೇ ಹೋಗುತ್ತದಲ್ಲವೇ? ಪ್ರತಿಯೊಂದು ಕಟ್ಟಡಕ್ಕೂ ಅಂಥದೊಂದು ಲಯವಿದೆ. ಚಕ್ರದ ನಡುಕ ಆ ಲಯಕ್ಕೆ ಕೂಡಿಬಿಟ್ಟರೆ ಸಣ್ಣ ಕಂಪನವೂ ದೊಡ್ಡದಾಗುತ್ತದೆ.

ಆದ್ದರಿಂದಲೇ ಹಳೆಯ ಕಟ್ಟಡಗಳನ್ನು ಸಾಗಿಸುವಾಗ ಅಡಿಪಾಯಕ್ಕೂ ಗೋಡೆಯ ನೆತ್ತಿಗೂ ಕಂಪನ ಅಳೆಯುವ ಉಪಕರಣಗಳನ್ನು ಅಂಟಿಸುತ್ತಾರೆ. ಗೋಡೆ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಕಂಪಿಸುತ್ತಿದೆ ಎಂಬುದನ್ನು ಅವು ಹೇಳುತ್ತವೆ. ಪಾರಂಪರಿಕ ಕಟ್ಟಡಗಳ ಅಡಿಪಾಯದಲ್ಲಿ, ನಿಧಾನದ ಕಂಪನಕ್ಕೆ ಜರ್ಮನಿಯ ಮಾನದಂಡ ಹಾಕಿರುವ ಮಿತಿ ಸೆಕೆಂಡಿಗೆ ಬರೇ 3 ಮಿಲಿಮೀಟರ್! ಮಿತಿಯ ಹತ್ತಿರ ಬಂದರೆ ವಾಹನ ನಿಲ್ಲಬೇಕು. ಆ ನಿಲ್ಲಿಸುವುದೂ ಮೆತ್ತಗೇ ಆಗಬೇಕು, ಏಕೆಂದರೆ ಹೊರಡುವಾಗಿನ ಮತ್ತು ನಿಲ್ಲುವಾಗಿನ ಜಗ್ಗಾಟ ಸಾಗುವಾಗಿನದಕ್ಕಿಂತ ಕೆಟ್ಟದ್ದು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುವ ಹಳೆಯ ಉಪಾಯವೂ ಇದೆ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆದು ಸುದ್ದಿ ಕೊಡುತ್ತದೆ. ಯಂತ್ರಕ್ಕಿಂತ ನನಗೆ ಈ ಗಾಜಿನ ತುಂಡೇ ಹೆಚ್ಚು ಹಿಡಿಸಿತು.

ಹೊಸ ಜಾಗದಲ್ಲಿ ಇಳಿಸಿದ ಮೇಲೂ ಇಂಥ ಕಟ್ಟಡಗಳ ಬಿರುಕುಗಳ ಮೇಲೆ ಕಣ್ಣಿಡಬೇಕಾಗುತ್ತದೆ. ಶಸ್ತ್ರಾಗಾರವಿದ್ದ ದಾರಿಯಲ್ಲಿ ಈಗ ರೈಲುಗಳು ಓಡುತ್ತಿವೆ.