ಹಳ್ಳಿ ಆರೋಗ್ಯ ಸಂಸ್ಥೆಗೆ ಬರ್ತಿದ್ದ ದುಡ್ಡು ಎಲ್ಲಿ ನಿಂತಿತು?

ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡೋ ಸಣ್ಣ ಸಂಸ್ಥೆಗಳಿಗೆ ದುಡ್ಡು ಎಲ್ಲಿಂದ ಬರುತ್ತೆ? ಮೊದಲು ದೊಡ್ಡ ಸಂಸ್ಥೆಯೊಂದು ವಿದೇಶಿ ದೇಣಿಗೆ ಪಡೆದು, ಎಫ್‌ಸಿಆರ್‌ಎ ನೋಂದಣಿ ಇರುವ ಸಣ್ಣವರಿಗೆ ಹಂಚಬಹುದಿತ್ತು. 2020ರ ತಿದ್ದುಪಡಿ ಅದನ್ನು ನಿಲ್ಲಿಸಿತು. ಈಗ ಪ್ರತಿಯೊಬ್ಬರೂ ತಾವೇ ದಾನಿಯನ್ನು ಹುಡುಕಬೇಕು. ಹೊಸ ನೋಂದಣಿಗೆ ಸಂಸ್ಥೆಗೆ 3 ವರ್ಷ ಆಗಿರಬೇಕು, 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಲೆಕ್ಕ ಕೇಳೋದು ಸರಿಯೇ. ಆದ್ರೆ ಪೆಟ್ಟು ಬಿದ್ದಿದ್ದು ಇಂಗ್ಲಿಷ್‌ನಲ್ಲಿ ಪ್ರಪೋಸಲ್ ಬರೆಯೋಕೆ ಜನ ಇಲ್ಲದವರಿಗೆ ಅಂತ ನನಗನ್ನಿಸುತ್ತೆ.

ಇನ್ನೊಂದು ದಾರಿ ಸಿಎಸ್‌ಆರ್. ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು. ಆದರೆ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಿ ಅನ್ನುತ್ತೆ ಕಾನೂನು. ಫ್ಯಾಕ್ಟರಿಯೇ ಇಲ್ಲದ ತಾಲ್ಲೂಕು ಸಾಲಿನ ಕೊನೆಗೆ.