ಸರಾಸರಿಗೆ ಸಿಗದ ನೂಕುನುಗ್ಗಲು

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಉಂಟು. ಕಾವೇರಿ-ಕಪಿಲೆಯರ ಈ ಸಂಗಮಕ್ಷೇತ್ರವು ಕಾಶಿಗಿಂತಲೂ ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂಬ ಐತಿಹ್ಯಕ್ಕೆ ಅದೇ ಗುರುತು. ಅಷ್ಟು ಸೂಕ್ಷ್ಮವಾದ ತೂಕವನ್ನು ಬಲ್ಲ ಊರಿನಲ್ಲಿಯೂ ಬೇರೊಂದು ಲೆಕ್ಕ ಸುಲಭವಾಗಿ ಕೈಗೆ ಸಿಗದು. ಬೆಳಗಿನ ವೇಳೆ ಮೈಸೂರಿನ ಬಸ್ಸಿಗಾಗಿ ಕಾದವರೆಷ್ಟು? ಹತ್ತಿದವರೆಷ್ಟು? ಹತ್ತಲಾರದೆ ಉಳಿದವರೆಷ್ಟು?

ನರಸೀಪುರಕ್ಕೆ ರೈಲಿಲ್ಲ, ಅದರ ಪಾಲಿಗೆ ರಸ್ತೆಯೇ ಗತಿ. ಮೈಸೂರು ಸಂಸ್ಥಾನದ ಸರ್ಕಾರಿ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ನಂಜನಗೂಡಿಗಾದರೋ ರೈಲಿನ ಭಾಗ್ಯ ಬಹು ಹಿಂದೆಯೇ, 1891ರಲ್ಲಿ, ಒದಗಿಬಂದಿತು. 1735ರಲ್ಲಿ ದಳವಾಯಿ ದೇವರಾಜನು ಕಪಿಲೆಗೆ ಕಟ್ಟಿಸಿದ ಸೇತುವೆಯೇ ಮುಂದೆ ರಸ್ತೆಯನ್ನೂ ಮೀಟರ್ ಗೇಜ್ ಹಳಿಯನ್ನೂ ಒಟ್ಟಿಗೆ ಹೊತ್ತಿತು. ಈ ಶತಮಾನದ ಮೊದಲ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜ್ ಆಯಿತು. ಇಂದು ಚಾಮರಾಜನಗರದ ರೈಲು ಕಡಕೊಳ, ತಾಂಡವಪುರಗಳನ್ನು ಹಾದು ನಂಜನಗೂಡಿಗೆ ಬರುತ್ತದೆ. ಮೈಸೂರಿನ ಕಾಲೇಜಿಗೆ ಹೋಗುವ ಹುಡುಗಿ, ಕೈಗಾರಿಕಾ ಪ್ರದೇಶದ ಕೆಲಸಗಾರ, ಕಚೇರಿಯ ಗುಮಾಸ್ತೆ—ಇವರೆಲ್ಲರ ದಿನಚರಿ ಈ ಬಸ್ಸು ರೈಲುಗಳ ವೇಳೆಯ ಮೇಲೆ ನಿಂತಿದೆ.

ಈ ಸೇವೆ ಚೆನ್ನಾಗಿದೆಯೆ ಎಂಬುದನ್ನು ಅಳೆಯುವುದು ಹೇಗೆ? ವಾಹನಗಳು ಎಷ್ಟು ಕಿಲೋಮೀಟರ್ ಓಡಿದವು, ವೇಳೆಗೆ ಸರಿಯಾಗಿ ಮುಟ್ಟಿದವೆ, ಆಸನಗಳು ಎಷ್ಟರಮಟ್ಟಿಗೆ ತುಂಬಿದವು—ಇವು ಆಡಳಿತದ ರೂಢಿಯ ಪ್ರಶ್ನೆಗಳು. ಮೂರೂ ಉಪಯುಕ್ತವೇ. ಆದರೆ ಮೂರೂ ವಾಹನದ ಲೆಕ್ಕಗಳು. ಅದರೊಳಗಿನ ಮನುಷ್ಯನ ಲೆಕ್ಕಗಳಲ್ಲ.

ತೊಂಬತ್ತು ಮಂದಿಯ ಅನುಭವ

ಐವತ್ತು ಆಸನಗಳ ಬಸ್ಸೊಂದು ದಿನಕ್ಕೆ ಎರಡು ಸಲ ಹೊರಡುತ್ತದೆಂದು ಭಾವಿಸಿ. ಬೆಳಗ್ಗೆ 90 ಮಂದಿ, ಮಧ್ಯಾಹ್ನ 10 ಮಂದಿ ಪ್ರಯಾಣ ಮಾಡುತ್ತಾರೆ. ಎರಡು ಸರದಿಗಳಿಗೆ ಒಟ್ಟು 100 ಆಸನ, 100 ಪ್ರಯಾಣಿಕರು. ಬಸ್ಸಿಗೆ ಸರಾಸರಿ 50 ಮಂದಿ. ಕಡತ ನೋಡಿದವರಿಗೆ ಎಲ್ಲರೂ ಕುಳಿತೇ ಹೋದಂತೆ ತೋರುತ್ತದೆ! ಆದರೆ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ವಿಚಾರಿಸಿದರೆ, ನೂರರಲ್ಲಿ ತೊಂಬತ್ತು ಮಂದಿ ತಮ್ಮ ಬಸ್ಸಿನಲ್ಲಿ ತೊಂಬತ್ತು ಜನರಿದ್ದರೆಂದೇ ಹೇಳುವರು. ಆ ಉತ್ತರಗಳ ಸರಾಸರಿ 82. ಕಡತವೂ ಸುಳ್ಳಲ್ಲ, ಪ್ರಯಾಣಿಕರ ದೂರೂ ಸುಳ್ಳಲ್ಲ. ಅಳತೆಯ ನೆಲೆ ಬೇರೆ, ಅಷ್ಟೆ.

ಕಾಯುವಿಕೆಯೂ ಹೀಗೆಯೇ. ಅರ್ಧ ಗಂಟೆಗೊಂದರಂತೆ ಬಸ್ಸು ಬಂದರೆ, ವೇಳೆ ನೋಡದೆ ಬಂದ ಪ್ರಯಾಣಿಕನು ಸರಾಸರಿ 15 ನಿಮಿಷ ಕಾಯುತ್ತಾನೆ. ಅವೇ ಎರಡು ಬಸ್ಸುಗಳು ಒಂದರ ಬೆನ್ನಿಗೊಂದು ಗಂಟೆಗೊಮ್ಮೆ ಬಂದರೆ, ಕಾಯುವ ಹೊತ್ತು 30 ನಿಮಿಷವಾಗುತ್ತದೆ. ಗಂಟೆಗೆ ಎರಡು ಬಸ್ಸೆಂಬ ಕಡತದ ಅಂಕಿಯಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ರೈಲಿನ ಕಾಲಪಾಲನೆಯನ್ನು ಕೊನೆಯ ನಿಲ್ದಾಣ ಮುಟ್ಟಿದ ವೇಳೆಯಿಂದ ಅಳೆದರೆ, ನಡುದಾರಿಯಲ್ಲಿ ತಡವಾಗಿ ಇಳಿದವನ ಪಾಡೂ ಅದರಲ್ಲಿ ಕಾಣಿಸದು.

ಚೀಟಿ ಹೇಳುವುದು, ಹೇಳದಿರುವುದು

ಟಿಕೆಟ್ಟುಗಳನ್ನೇ ಎಣಿಸಬಾರದೆ ಎಂದು ಯಾರಾದರೂ ಕೇಳಬಹುದು. ಆದರೆ ಕಾಯ್ದಿರಿಸದ ರೈಲು ಟಿಕೆಟ್ಟು ಎಲ್ಲಿಂದ ಎಲ್ಲಿಗೆಂಬುದನ್ನು ಹೇಳುತ್ತದೆಯೇ ಹೊರತು ಯಾವ ಗಾಡಿಯಲ್ಲಿ ಎಂಬುದನ್ನಲ್ಲ. ತಿಂಗಳ ಪಾಸಿನದು ಇನ್ನೂ ಸೋಜಿಗ. ರೈಲ್ವೆಯ ಅಂಕಿ-ಅಂಶದಲ್ಲಿ ಒಂದು ಪಾಸಿಗೆ 50 ಪ್ರಯಾಣಗಳೆಂದು ಲೆಕ್ಕ ಹಿಡಿಯುವುದು ವಾಡಿಕೆ. ಪಾಸು ಪಡೆದವನು ಬೆಳಗಿನ ಗಾಡಿಯ ಬಾಗಿಲಿಗೆ ಜೋತುಬಿದ್ದರೂ, ಮಧ್ಯಾಹ್ನದ ಗಾಡಿಯಲ್ಲಿ ಕಾಲು ಚಾಚಿ ಮಲಗಿದರೂ ಅಂಕಿ ಒಂದೇ.

ಬಸ್ಸಿನ ಕಂಡಕ್ಟರರ ಕೈಯಂತ್ರ ಈ ವಿಷಯದಲ್ಲಿ ಹೆಚ್ಚು ತಿಳಿದದ್ದು. ಹತ್ತಿದ ಸ್ಥಳ, ಇಳಿಯುವ ಸ್ಥಳ, ವೇಳೆ ಮೂರನ್ನೂ ಅದು ದಾಖಲಿಸಬಲ್ಲದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಮೇಲೆ, ಹಣ ಕೊಡದೆ ಪ್ರಯಾಣಿಸುವ ಮಹಿಳೆಗೂ ಶೂನ್ಯ ದರದ ಟಿಕೆಟ್ಟು ಹರಿಯಲಾಗುತ್ತದೆ. ದುಡ್ಡಿಲ್ಲದ ಆ ಚೀಟಿಯಲ್ಲಿಯೂ ಬೆಲೆಯುಳ್ಳ ಮಾಹಿತಿ ಅಡಗಿದೆ. ಯಾವ ಊರಿನಿಂದ ಯಾವ ಊರಿನವರೆಗೆ ಬಸ್ಸು ಬಿರಿಯುತ್ತದೆಂಬುದನ್ನು ಅಂತಹ ಚೀಟಿಗಳಿಂದ ತಿಳಿಯಬಹುದು.

ಆದರೆ ಯಾವ ಚೀಟಿಗೂ ಸಿಗದವರು ಒಬ್ಬರಿದ್ದಾರೆ: ಹತ್ತಲಾಗದೆ ಉಳಿದವರು. ತುಂಬಿದ ಬಸ್ಸು ನಿಲ್ಲದೆ ಹೋದಾಗ, ಕೈಯೆತ್ತಿದ ವಿದ್ಯಾರ್ಥಿನಿ ಯಾವ ದಾಖಲೆಗೂ ಸೇರುವುದಿಲ್ಲ. ಅವಳ ಮೊದಲ ಪಾಠ ತಪ್ಪುತ್ತದೆ, ಹಾಜರಿ ಕಡಮೆಯಾಗುತ್ತದೆ. ಹೀಗೆ ಬೇಸತ್ತು ಯಾರಾದರೂ ಓದನ್ನೇ ಬಿಟ್ಟರೆ, ಬಸ್ಸಿಗೆ ಬೇಡಿಕೆ ಇಳಿಯಿತೆಂದೇ ಅಂಕಿಗಳು ಸಾರಬಹುದು!

ವಾರಪತ್ರಿಕೆಯೂ ಒಂದು ಅಳತೆಗೋಲು

ಜಪಾನಿನ ಸಾರಿಗೆ ಸಚಿವಾಲಯವು ಇಕ್ಕಟ್ಟನ್ನು ಅಳೆಯಲು ಸೊಗಸಾದ ಉಪಾಯವೊಂದನ್ನು ಬಳಕೆಗೆ ತಂದಿತು. ಎಲ್ಲರಿಗೂ ಕೂರಲು ಸ್ಥಳ ಅಥವಾ ಹಿಡಿಯಲು ಪಟ್ಟಿ, ಕಂಬ ಸಿಕ್ಕರೆ ಶೇಕಡ 100. ವೃತ್ತಪತ್ರಿಕೆಯನ್ನು ಬಿಡಿಸಿ ಓದಬಹುದಾದರೆ 150. ಮಡಿಸಿ ಓದಬೇಕಾದರೆ 180. ಮೈಗೆ ಮೈ ತಾಗಿ ಒತ್ತಿದರೂ ವಾರಪತ್ರಿಕೆಯನ್ನು ಹೇಗೋ ಓದಬಹುದಾದರೆ 200. ಕೈಯನ್ನೇ ಆಡಿಸಲಾಗದಿದ್ದರೆ 250. ನೋಡಿದರೆ ನಗು ತರಿಸುವ ಈ ಕೋಷ್ಟಕವು ಅಳತೆಯನ್ನು ಪ್ರಯಾಣಿಕನ ಮೈಕೈಗಳ ಬಳಿಗೇ ತಂದಿದೆ. ಅತ್ಯಂತ ಇಕ್ಕಟ್ಟಿನ ಹೊತ್ತಿನ ಅಂಕಿಯನ್ನು ದಿನದ ಸರಾಸರಿಯಲ್ಲಿ ಕರಗಿಸದೆ ಪ್ರತ್ಯೇಕವಾಗಿ ಪ್ರಕಟಿಸುವುದೂ ಅಲ್ಲಿಯ ಪದ್ಧತಿ.

ನಂಜನಗೂಡಿಗಾಗಲಿ ನರಸೀಪುರಕ್ಕಾಗಲಿ ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಕೆಲವು ದಿನಗಳ ಕಾಲ ನಿಲ್ದಾಣದಲ್ಲಿ ನಿಂತು ಎಣಿಸಿದರೆ ಸಾಕು. ನಿಂತು ಹೋದವರೆಷ್ಟು, ಉಳಿದವರೆಷ್ಟು, ಎಷ್ಟು ಹೊತ್ತು ಕಾದರು ಎಂಬ ಮೂರು ಅಂಕಿಗಳು ದೊರೆತರೆ, ರೈಲಿಗೆ ಇನ್ನೊಂದು ಬೋಗಿ ಬೇಕೆ, ಬಸ್ಸನ್ನು ಕಾಲು ಗಂಟೆ ಮುಂಚೆ ಬಿಡಬೇಕೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಬೋಗಿಯಾಗಲಿ ಬಸ್ಸಾಗಲಿ ಲೆಕ್ಕ ಇರುವ ಕಡೆಗೇ ಹೋಗುತ್ತದೆ. ಆದುದರಿಂದ ನಿಲ್ದಾಣದಲ್ಲಿ ಉಳಿದುಹೋದವರನ್ನೇ ಮೊದಲು ಎಣಿಸುವುದು ಒಳ್ಳೆಯದು.